ಲಗ್ನಪತ್ರಿಕೆ ಅಂಗಡಿಯಲ್ಲಿ ಫ್ರ್ಯಾಕ್ಟಲ್

ಗುಳೇದಗುಡ್ಡದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಬ್ಯಾನರ್ ಮಾಡ್ತೀನಿ. ಆಷಾಢ ಬಂತೆಂದರೆ ಮದುವೆ ಇಲ್ಲ, ಕೆಲಸವೂ ಇಲ್ಲ. ಅಂಥ ಒಂದು ಆಷಾಢದಲ್ಲಿ ಸುಮ್ನೆ ಕೂತು ಫ್ರ್ಯಾಕ್ಟಲ್ ಚಿತ್ರ ಮಾಡೋದು ಕಲಿತೆ. ಕೈಯಲ್ಲಿ ಒಂದು ಹೂವು ಬಿಡಿಸಿದರೂ ಅದು ಬದನೆಕಾಯಿ ಥರ ಕಾಣುತ್ತೆ, ಅಂಥವನು ನಾನು. ಪಿಯುಸಿ ಗಣಿತವನ್ನೂ ಹೇಗೋ ದಾಟಿದವನು.

ಒಂದು ಭಾಗವನ್ನು ಹಿಗ್ಗಿಸಿ ನೋಡಿದರೆ ಅದರೊಳಗೆ ಮತ್ತೆ ಅದೇ ಥರದ ಆಕಾರ, ಅದರೊಳಗೆ ಮತ್ತೊಂದು. ಇದೇ ಫ್ರ್ಯಾಕ್ಟಲ್. ಈ ಹೆಸರು ಕೊಟ್ಟವರು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್, 1975ರಲ್ಲಿ. ಎಲ್ಲರೂ ಮೊದಲು ನೋಡುವ ಚಿತ್ರಕ್ಕೂ ಅವರದೇ ಹೆಸರು, ಮ್ಯಾಂಡೆಲ್‌ಬ್ರಾಟ್ ಸೆಟ್.

ಅದರ ಲೆಕ್ಕ ಕ್ಯಾಲ್ಕ್ಯುಲೇಟರ್‌ನಲ್ಲೇ ಆಗುತ್ತೆ. ಒಂದು ಸಂಖ್ಯೆ ಆರಿಸಿ, 1 ಅನ್ನಿ. ಸೊನ್ನೆಯಿಂದ ಶುರು. ಕೈಯಲ್ಲಿರುವ ಸಂಖ್ಯೆಯ ವರ್ಗಕ್ಕೆ 1 ಕೂಡಿಸುತ್ತ ಹೋಗಿ: 1, 2, 5, 26... ಹಗ್ಗ ಬಿಚ್ಚಿದ ಹೋರಿ ಓಡಿದಂತೆ ಓಡಿಹೋಯಿತು. ಈಗ ಮೈನಸ್ 1 ಹಾಕಿ. ಮೈನಸ್ 1, 0, ಮೈನಸ್ 1, 0. ಅಲ್ಲೇ ಸುತ್ತುತ್ತೆ. ಓಡಿಹೋಗದ ಸಂಖ್ಯೆಗೆ ಕಪ್ಪು ಬಣ್ಣ. ಓಡಿಹೋಗೋದಕ್ಕೆ ಎಷ್ಟು ಸುತ್ತು ಬೇಕಾಯಿತು ಅನ್ನೋದರ ಮೇಲೆ ಉಳಿದ ಬಣ್ಣಗಳು. 2 ದಾಟಿದರೆ ಓಡಿತು ಅಂತಲೇ ಲೆಕ್ಕ. 1 ಮೂರನೇ ಸುತ್ತಿಗೆ ದಾಟುತ್ತೆ, 0.5 ಐದನೇ ಸುತ್ತಿಗೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಬಣ್ಣ. ಪರದೆಯ ಮೇಲಿನ ಒಂದೊಂದು ಚುಕ್ಕಿಯೂ ಹೀಗೆ ಆರಿಸಿದ ಒಂದು ಸಂಖ್ಯೆ. ಆದರೆ ಅದಕ್ಕೆ ಎಡ-ಬಲಕ್ಕೊಂದು, ಮೇಲೆ-ಕೆಳಗೊಂದು, ಹೀಗೆ ಎರಡು ಭಾಗ ಇರುತ್ತೆ. ಪಿಯುಸಿಯಲ್ಲಿ ನಮ್ಮನ್ನು ಕಾಡಿದ ಕಾಂಪ್ಲೆಕ್ಸ್ ನಂಬರ್ ಅಂದರೆ ಇದೇ. ಆ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ ಬಿಡಿ.

ನಾನು ಶುರು ಮಾಡಿದ್ದು ಎಕ್ಸ್-ಎ-ಓ-ಎಸ್ ಅಂತ ಬರೆದು ಕೇಯಾಸ್ ಅಂತ ಓದುವ ಉಚಿತ ಸಾಫ್ಟ್‌ವೇರ್‌ನಲ್ಲಿ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತೆ. ಮೌಸ್‌ನ ಎಡಗಡೆ ಬಟನ್ ಒತ್ತಿ ಹಿಡಿದರೆ ಒಳಗೆ ಹೋಗ್ತೀವಿ, ಬಲಗಡೆಯದು ಒತ್ತಿದರೆ ಹೊರಗೆ. ಪಿ ಒತ್ತಿದರೆ ಬಣ್ಣ ಬದಲಾಗುತ್ತೆ. ಎಮ್ ಒತ್ತಿದರೆ ಮೌಸ್ ಇರುವ ಜಾಗದ ಜೂಲಿಯಾ ಸೆಟ್ ಅನ್ನೋ ಇನ್ನೊಂದು ಥರದ ಫ್ರ್ಯಾಕ್ಟಲ್ ಬರುತ್ತೆ. ಇದರ ಗಣಿತವನ್ನು ಫ್ರಾನ್ಸಿನ ಗಣಿತಜ್ಞ ಗಾಸ್ಟನ್ ಜೂಲಿಯಾ 1918ರಲ್ಲೇ ಬರೆದಿದ್ದರು, ಇಂಥ ಚಿತ್ರ ತೋರಿಸೋಕೆ ಕಂಪ್ಯೂಟರೇ ಇಲ್ಲದ ಕಾಲದಲ್ಲಿ.

ಹೊಸಬರು ಮೊದಲು ಮ್ಯಾಂಡೆಲ್‌ಬ್ರಾಟ್ ಸೆಟ್‌ನ ದೊಡ್ಡ ಕಪ್ಪು ದೇಹಕ್ಕೂ ಅದರ ಎಡಗಡೆಯ ದುಂಡನೆ ತಲೆಗೂ ನಡುವಿನ ಸಂದಿಗೆ ಹೋಗಿ. ಸಮುದ್ರಕುದುರೆಯ ಬಾಲದಂಥ ಸುರುಳಿಗಳು ಸಾಲಾಗಿ ನಿಂತಿರುತ್ತವೆ. ಚೆಂದದ್ದೆಲ್ಲ ಅಂಚಿನಲ್ಲೇ ಇರೋದು. ಕಪ್ಪಿನ ಒಳಗೆ ಎಷ್ಟು ಹೋದರೂ ಕಪ್ಪೇ.

ಆಳಕ್ಕೆ ಹೋದಂತೆ ನನ್ನ ಸುರುಳಿಗಳು ಕರಗಿ ಕಪ್ಪು ಮುದ್ದೆಯಾದವು. ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ನಿಧಾನಕ್ಕೆ ಓಡುವ ಚುಕ್ಕಿಗಳನ್ನು ಓಡೋದೇ ಇಲ್ಲ ಅಂತ ಅದು ಬೇಗ ತೀರ್ಮಾನ ಮಾಡಿತ್ತು, ಅಷ್ಟೇ. ಇಟರೇಶನ್, ಅಂದರೆ ಸುತ್ತಿನ ಮಿತಿಯನ್ನು ಸಾವಿರ ದಾಟಿಸಿದೆ. ಮುದ್ದೆಯೊಳಗಿಂದ ಎಳೆ ಎಳೆಯಾಗಿ ಸುರುಳಿ ಎದ್ದವು. ಆ ಗಳಿಗೆಯಲ್ಲೇ ನನಗೆ ಹುಚ್ಚು ಹಿಡಿದದ್ದು.

ಹುಚ್ಚಿನಲ್ಲಿ ತಪ್ಪೂ ಆಯಿತು. ಗಂಟೆಗಟ್ಟಲೆ ಹುಡುಕಿ ಒಂದು ಜಾಗ ಸಿಕ್ಕಿತ್ತು. ಸ್ಕ್ರೀನ್‌ಶಾಟ್ ಹೊಡೆದು, ಖುಷಿಯಲ್ಲಿ ಎರಡು ಅಡಿ ಅಗಲಕ್ಕೆ ಪ್ರಿಂಟ್ ತೆಗೆಸಿದೆ. ನನ್ನ ಪರದೆ 1366 ಪಿಕ್ಸೆಲ್ ಅಗಲ, ಕಾಗದ 24 ಇಂಚು. ಒಂದು ಇಂಚಿಗೆ 57 ಪಿಕ್ಸೆಲ್ ಕೂಡ ಬೀಳಲಿಲ್ಲ. ಸುರುಳಿಗಳಿಗೆಲ್ಲ ಗರಗಸದ ಹಲ್ಲು! ಗಿರಾಕಿಗಳ ಫೋಟೊಗೆ ದಿನಾ ಇದೇ ಬುದ್ಧಿ ಹೇಳುವವನು ನಾನು. ದೊಡ್ಡದಾಗಿ ಮತ್ತೆ ತೆಗೆಯೋಣ ಅಂದರೆ ಜಾಗವನ್ನೇ ಸೇವ್ ಮಾಡಿರಲಿಲ್ಲ. ಎರಡು ರಾತ್ರಿ ಹುಡುಕಿದೆ. ಆ ಸುರುಳಿ ಇವತ್ತಿಗೂ ಸಿಕ್ಕಿಲ್ಲ.

ಈಗ ಚಿತ್ರಕ್ಕಿಂತ ಮೊದಲು ಜಾಗದ ಫೈಲ್ ಸೇವ್ ಮಾಡ್ತೀನಿ. ಕೆಲವೇ ಸಾಲಿನ ಫೈಲ್ ಅದು, ಯಾವಾಗ ಬೇಕಾದರೂ ಅದೇ ಜಾಗಕ್ಕೆ ಕರೆದೊಯ್ಯುತ್ತೆ. 12ಕ್ಕೆ 18 ಇಂಚಿನ ಪ್ರಿಂಟ್‌ಗೆ, ಇಂಚಿಗೆ 300ರಂತೆ, 3600ಕ್ಕೆ 5400 ಪಿಕ್ಸೆಲ್ ಬೇಕು. ಆಗುವುದಾದರೆ ಅದರ ಎರಡರಷ್ಟು ಅಳತೆಗೆ ರೆಂಡರ್ ಮಾಡಿ, ಅಂದರೆ ಸಾಫ್ಟ್‌ವೇರ್‌ನಿಂದ ಚಿತ್ರ ಬರೆಸಿ, ಆಮೇಲೆ ಚಿಕ್ಕದು ಮಾಡಿ. ಅಂಚು ನುಣುಪಾಗುತ್ತೆ.

ಬಣ್ಣ ಕಲಿಸಿದವಳು ಅವ್ವ. ಅವಳು ಮೊದಲು ಖಣ ನೇಯುತ್ತಿದ್ದಳು. ನಾನು ಕಾಮನಬಿಲ್ಲಿನ ಬಣ್ಣವನ್ನೆಲ್ಲ ಸುರಿದಿದ್ದ ಚಿತ್ರ ನೋಡಿ, "ಏನೋ ಇದು, ಜಾತ್ರಿ ಲೈಟ್ ಇದ್ದಂಗ ಐತಿ" ಅಂದಳು. ಸಿಟ್ಟು ಬಂತು. ಆದರೆ ಮಾತು ಖರೆ. ಅವಳದೇ ಇಳಕಲ್ ಸೀರೆಯ ಫೋಟೊ ತೆಗೆದು ಅದರಿಂದ ನಾಲ್ಕೇ ಬಣ್ಣ ಎತ್ತಿಕೊಂಡೆ: ಕಡುನೀಲಿ, ದಾಳಿಂಬೆ ಕೆಂಪು, ಗಿಳಿ ಹಸಿರು, ಸ್ವಲ್ಪ ಬಿಳಿ. ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಆ ಬಣ್ಣಗಳ ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವ ಪಟ್ಟಿ ಮಾಡಿ, ಗ್ರೇಡಿಯಂಟ್ ಮ್ಯಾಪ್ ಅನ್ನೋ ಆಯ್ಕೆಯಿಂದ ಚಿತ್ರಕ್ಕೆ ಹಾಕಿದೆ. ಅವ್ವ ಪಕ್ಕದಲ್ಲಿ ಕೂತು, "ಕೆಂಪು ಅಷ್ಟ್ ಬ್ಯಾಡ, ಅಂಚಿನಾಗ ಇರಲಿ" ಅಂದಳು. ಕೆಂಪನ್ನು ಸುರುಳಿಗಳ ತುದಿಗೆ ಸರಿಸಿದೆ. ಚಿತ್ರ ಕೂತುಕೊಂಡಿತು.

ಪರದೆಯಲ್ಲಿ ಮಿಂಚುವ ನೀಲಿ ಕಾಗದದ ಮೇಲೆ ಮಂಕಾಗುತ್ತೆ, ನೆನಪಿರಲಿ. ಪ್ರಿಂಟರ್‌ನ ನಾಲ್ಕು ಶಾಯಿಗೆ ಆ ಹೊಳಪು ಬರೋದಿಲ್ಲ. ದೊಡ್ಡದು ತೆಗೆಸುವ ಮೊದಲು ಅಂಗೈ ಅಗಲದ ತುಂಡು ಪ್ರಿಂಟ್ ಮಾಡಿ ನೋಡಿ.

ಆ ಚಿತ್ರವನ್ನು ಅಂಗಡಿಯಲ್ಲಿ ತೂಗುಹಾಕಿದೆ. ಒಬ್ಬ ಗಿರಾಕಿ ಲಗ್ನಪತ್ರಿಕೆಗೆ ಅದೇ ಬೇಕು ಅಂದರು. ಸುರುಳಿಗಳ ಮೇಲೆ ಬಂಗಾರದ ಅಕ್ಷರ ಹಾಕಿದೆ, ಒಂದೂ ಓದಲು ಬರಲಿಲ್ಲ. ಜಾಗದ ಫೈಲ್ ತೆರೆದು ಸ್ವಲ್ಪ ಪಕ್ಕಕ್ಕೆ ಸರಿದೆ. ಸುರುಳಿಗಳು ಮೇಲಕ್ಕೆ ಹೋದವು, ಕೆಳಗೆ ಅರ್ಧ ಕಾರ್ಡಿನಷ್ಟು ಕಪ್ಪು ದೇಹ ಬಂತು. ವರ, ವಧು, ಮುಹೂರ್ತ ಎಲ್ಲ ಆ ಕಪ್ಪಿನಲ್ಲಿ ಹಿಡಿಸಿತು.