ಎದುರುಗೋಡೆ ತೋರಿಸಿದ ಸುಳ್ಳು ಬಿರುಕು

ಗೋಡೆಯ ಆಕಾರ ಅಳೆಯುವ ಲೇಸರ್ ಸ್ಕ್ಯಾನರ್ ಮತ್ತು ಕಲ್ಲಿನೊಳಗೆ ರೇಡಿಯೋ ಅಲೆ ಕಳಿಸಿ ಬಿರುಕು ಹುಡುಕುವ ರೇಡಾರ್ ಎರಡನ್ನೂ ಒಂದೇ ಸುರಂಗಕ್ಕೆ ಹೊತ್ತುಕೊಂಡು ಹೋದಾಗ ನಕ್ಕವರೇ ಹೆಚ್ಚು. ಗಣಿಯ ಹಿರಿಯ ಮೇಸ್ತ್ರಿಯೊಬ್ಬರು, "ಕಂಬಿಲೇ ಬಡದ್ರ ಟೊಳ್ಳು ಇದ್ದದ್ದು ಕಲ್ಲ ತಾನ ಹೇಳತೈತ್ರಿ ಸರ, ಈ ಪೆಟ್ಟಿಗಿ ಯಾಕ?" ಎಂದು ಎಲ್ಲರೆದುರೇ ಕೇಳಿದ್ದರು.

ನನ್ನ ಊರು ಇಳಕಲ್. ಗ್ರಾನೈಟ್ ಕ್ವಾರಿಗಳ ಸರ್ವೆಯೇ ಹೊಟ್ಟೆಪಾಡು. ಸ್ಕ್ಯಾನರನ್ನು ಸುಮಾರು 9 ಲಕ್ಷ ಸಾಲ ಮಾಡಿ ಹಳೆಯದನ್ನೇ ಕೊಂಡಿದ್ದೆ, ರೇಡಾರ್ ಮಾತ್ರ ದಿನಕ್ಕೆ 20 ಸಾವಿರದಂತೆ ಬಾಡಿಗೆಗೆ ಬರುತ್ತಿತ್ತು. ಮೊದಲ ಪ್ರಯೋಗವನ್ನು ಬಾಗಲಕೋಟೆ ಕಡೆಯ ಎರೆಮಣ್ಣಿನ ಮೇಲೆ ಮಾಡಿ ಎರಡು ದಿನದ ಬಾಡಿಗೆ ಕಳೆದುಕೊಂಡೆ. 400 ಮೆಗಾಹರ್ಟ್ಸ್ ಆಂಟೆನಾದ ಸಂಕೇತ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಅದೇ ಆಂಟೆನಾ ನಮ್ಮೂರ ಕೆಂಪು ಗ್ರಾನೈಟಿನಲ್ಲಿ ಮೂರು ಮೀಟರಿನ ತನಕ ಸಲೀಸಾಗಿ ಕಂಡಿತು. ಅಲ್ಲಿ ತಿರಸ್ಕೃತವಾಗಿ ಬಿದ್ದಿದ್ದ, ಬಿರುಕುಬಿಟ್ಟ ಬ್ಲಾಕೊಂದನ್ನು ಒಣಗಿದ್ದಾಗ ಒಮ್ಮೆ, ಬಿರುಕಿಗೆ ಒಂದು ಕೊಡ ನೀರು ಸುರಿದು ಇನ್ನೊಮ್ಮೆ ನೋಡಿದೆ. ನೀರು ತುಂಬಿದ ಮೇಲೆ ಪ್ರತಿಧ್ವನಿ ಎಷ್ಟೋ ಪಾಲು ಗಟ್ಟಿಯಾಯಿತು. ಒಸರುವ ಗೋಡೆಗಳನ್ನು ಮೊದಲು ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂತು.

ನಿಜವಾದ ಪೆಟ್ಟು ಬಿದ್ದದ್ದು ಹೊರಜಿಲ್ಲೆಯ ಭೂಗತ ಗಣಿಯಲ್ಲಿ. ಸುಮಾರು 3 ಮೀಟರ್ ಅಗಲದ ಸುರಂಗದ ಗೋಡೆಯುದ್ದಕ್ಕೂ 1.2 ಮೀಟರ್ ಆಳದಲ್ಲಿ ದಟ್ಟವಾದ ಗೆರೆಯೊಂದು ಕಂಡಿತು. ಬಿರುಕೆಂದೇ ವರದಿ ಬರೆದೆ. ಎರಡು ರಂಧ್ರ ಕೊರೆದು ಕ್ಯಾಮೆರಾ ಇಳಿಸಿದಾಗ ಕಲ್ಲು ಅಖಂಡವಾಗಿತ್ತು, ಕೊರೆದ ಖರ್ಚನ್ನು ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು. ಮನೆಗೆ ಬಂದು ಸ್ಕ್ಯಾನರ್ ಅಳೆದ ಲಕ್ಷಾಂತರ ಬಿಂದುಗಳ ಮೂರು ಆಯಾಮದ ಚಿತ್ರದ, ಅಂದರೆ ಪಾಯಿಂಟ್ ಕ್ಲೌಡಿನ ಮೇಲೆ ರೇಡಾರ್ ಗೆರೆಯನ್ನು ಹೊಂದಿಸಿದಾಗ, ಎದುರುಗೋಡೆ ಎಲ್ಲೆಲ್ಲಿ ಉಬ್ಬಿತ್ತೋ ಅಲ್ಲೆಲ್ಲ ಗೆರೆಯೂ ಬಾಗಿತ್ತು. ಬಾಡಿಗೆಯ 100 ಮೆಗಾಹರ್ಟ್ಸ್ ಆಂಟೆನಾಕ್ಕೆ, ಅಲೆ ಹಿಂಬದಿಯ ಗಾಳಿಗೆ ಹೋಗದಂತೆ ತಡೆಯುವ ಕವಚವಿರಲಿಲ್ಲ. ಗಾಳಿಯಲ್ಲಿ 3 ಮೀಟರ್ ಹೋಗಿ ಮರಳಲು 20 ನ್ಯಾನೋಸೆಕೆಂಡ್ ಬೇಕು; ಅಷ್ಟೇ ಸಮಯವನ್ನು ನ್ಯಾನೋಸೆಕೆಂಡಿಗೆ 12 ಸೆಂಟಿಮೀಟರಿನ ಕಲ್ಲಿನ ವೇಗದಿಂದ ಲೆಕ್ಕಹಾಕಿ, ಹೋಗಿಬರುವ ದಾರಿಯಾದ್ದರಿಂದ ಅರ್ಧ ಮಾಡಿದರೆ ಸರಿಯಾಗಿ 1.2 ಮೀಟರ್ ಬರುತ್ತದೆ.

ಅಂದಿನಿಂದ ರೇಡಾರ್ ಎಳೆಯುವ ಪ್ರತಿ ಗೆರೆಯ ಎರಡೂ ತುದಿಗೆ ಸ್ಕ್ಯಾನಿನಲ್ಲಿ ಕಾಣುವಂತೆ ಗುರಿಫಲಕ ಅಂಟಿಸುತ್ತೇನೆ. ಒರಟು ಗೋಡೆಯ ಮೇಲೆ ಅಳತೆಯ ಚಕ್ರ ಜಾರುವುದರಿಂದ ದೂರವನ್ನೂ ಕ್ಲೌಡಿನಿಂದಲೇ ತೆಗೆಯುತ್ತೇನೆ. ಎದುರುಗೋಡೆ, ನೆಲ ಮತ್ತು ಚಾವಣಿಯಿಂದ ಪ್ರತಿಧ್ವನಿ ಬರಬೇಕಾದ ಸಮಯವನ್ನು ಹೆಜ್ಜೆಹೆಜ್ಜೆಗೂ ಲೆಕ್ಕ ಮಾಡಿ, ಕಲ್ಲನ್ನು ಹಿಡಿದಿಡಲು ಹೊಡೆದ ಉಕ್ಕಿನ ಸರಳುಗಳ, ಅಂದರೆ ರಾಕ್ ಬೋಲ್ಟುಗಳ ತಟ್ಟೆಗಳು ಕಾಣುವ ಸ್ಥಳಗಳನ್ನೂ ಗುರುತಿಸಿ, ಅವೆಲ್ಲವನ್ನೂ ಕಳೆದ ಮೇಲೆ ಉಳಿದದ್ದನ್ನಷ್ಟೇ ನಂಬುತ್ತೇನೆ. ಯಾವುದನ್ನು ಮೊದಲು ಕಳೆಯಬೇಕು, ಆಂಟೆನಾ ಮತ್ತು ಗೋಡೆಯ ನಡುವಿನ ಸಂದಿಗೆ ಏನು ತುಂಬಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕೆ ಎರಡು ವರ್ಷ ತೆತ್ತಿದ್ದೇನೆ.

ಮೂರನೆಯ ಭೇಟಿಯಲ್ಲಿ ಅದೇ ಗಣಿಯ ಇನ್ನೊಂದು ಸುರಂಗದ ಎಡಭುಜದಲ್ಲಿ, ಅಂದರೆ ಎಡಗೋಡೆ ಚಾವಣಿಗೆ ಕೂಡುವ ಕಡೆ, ಐದಾರು ಮೀಟರ್ ಉದ್ದಕ್ಕೆ, ಸುಮಾರು 70 ಸೆಂಟಿಮೀಟರ್ ಒಳಗೆ ಗೆರೆಯೊಂದು ಉಳಿಯಿತು. ಮೇಸ್ತ್ರಿ ಕಂಬಿಯಿಂದ ಬಡಿದರೆ ಗಟ್ಟಿ ಸದ್ದೇ ಬಂತು. ಕೊರೆದಾಗ 65ರ ಆಸುಪಾಸಿನಲ್ಲಿ ಬೆರಳು ತೂರುವಷ್ಟು ಸೀಳು ಕ್ಯಾಮೆರಾದಲ್ಲಿ ಕಾಣಿಸಿತು. ಅವರು ಕಂಬಿಯನ್ನು ಗೋಡೆಗೆ ಒರಗಿಸಿ, "ಕಲ್ಲ ಸುಳ್ಳ ಹೇಳೇತ್ರಿ ಸರ" ಎಂದರು.

ಉಕ್ಕಿನ ಜಾಲರಿ ಹೊಡೆದ ಚಾವಣಿಯಲ್ಲಿ ಮಾತ್ರ ರೇಡಾರ್ ಕುರುಡು, ನನ್ನ ಉಪಾಯಗಳೂ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಈಗ ಜಾಲರಿ ಹೊಡೆಯುವುದಕ್ಕೆ ಮೊದಲೇ ಆ ಮೇಸ್ತ್ರಿಯಿಂದಲೇ ಫೋನ್ ಬರುತ್ತದೆ.