ಎದೆಯ ಬಯಾಪ್ಸಿಗೆ ನಾನು ಮಾಡಿಕೊಂಡ ತಯಾರಿ

ಬಯಾಪ್ಸಿ ಅಂದ ತಕ್ಷಣ ಎಲ್ಲರೂ ಧೈರ್ಯ ಹೇಳುತ್ತಾರೆ. ಏನು ಹಾಕಿಕೊಂಡು ಹೋಗಬೇಕು, ವಾಪಸ್ ಬಂದ ಮೇಲೆ ಯಾವ ಮಗ್ಗುಲಿಗೆ ಮಲಗಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಹನುಮಂತನಗರದಲ್ಲಿ ಲೇಡೀಸ್ ಟೈಲರ್. ಹೆಂಗಸರ ಎದೆ ಸುತ್ತಳತೆ ತೆಗೆಯುವುದೇ ನನ್ನ ದಿನದ ಕೆಲಸ. ನನ್ನ ಎಡ ಎದೆಯಲ್ಲೇ ಗಂಟು ಸಿಕ್ಕಿ, ಅದರಿಂದ ತುಂಡು ತೆಗೆದು ನೋಡಬೇಕು ಅಂದಾಗ ಹೆದರಿಕೆ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಹಿಂದೆಯೇ ತಲೆಗೆ ಬಂದದ್ದು ಬಟ್ಟೆಯ ಲೆಕ್ಕ. ಚೇತರಿಕೆಯಲ್ಲಿ ನನಗೆ ಮಾತ್ರೆಗಿಂತ ಹೆಚ್ಚು ಸಹಾಯ ಮಾಡಿದ್ದು ಅದೇ.

ಸ್ನಾನ ಮಾಡುವಾಗ ಕೈಗೆ ಸಿಕ್ಕ ಗಂಟು ಅದು. ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಎರಡೂ ಆಯಿತು. ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್ 4ಎ’ ಅಂತ ಇತ್ತು. ಇದನ್ನು ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಂದುಕೊಂಡು ಅತ್ತವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸ್ಕ್ಯಾನಿನಲ್ಲಿ ಕಂಡದ್ದಕ್ಕೆ 0ರಿಂದ 6ರವರೆಗೆ ಒಂದು ನಂಬರ್ ಕೊಡುತ್ತಾರೆ, ಅಷ್ಟೇ. 2 ಅಂದ್ರೆ ಯೋಚನೆ ಬೇಡ. 3 ಅಂದ್ರೆ ಬಹುಶಃ ಏನೂ ಇಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ. 4 ಅಂದ್ರೆ ಬರೀ ಸ್ಕ್ಯಾನ್ ನೋಡಿ ಹೇಳೋಕಾಗಲ್ಲ, ತುಂಡು ತೆಗೆದು ಪರೀಕ್ಷೆ ಮಾಡಿ. ಅದರಲ್ಲೂ ‘ಎ’ ಅಂದರೆ ನೂರರಲ್ಲಿ 2ರಿಂದ 10 ಜನರಿಗೆ ಮಾತ್ರ ಕ್ಯಾನ್ಸರ್ ಇರುವ ಸಾಧ್ಯತೆ. ಇದು ಗೊತ್ತಾದ ಮೇಲೆ ರಾತ್ರಿ ಸ್ವಲ್ಪ ನಿದ್ದೆ ಬಂತು.

ಮನೆಯಲ್ಲಿ ಎರಡು ತಕರಾರು ಎದ್ದವು. ಒಂದು, ಗಂಟಿಗೆ ಸೂಜಿ ಚುಚ್ಚಿದರೆ ಅದು ಮೈಯೆಲ್ಲಾ ಹರಡುತ್ತೆ ಅಂತ. ಸರ್ಜನ್ ಮೇಡಂ ಹತ್ತಿರ ಅತ್ತೆಯವರನ್ನೇ ಕರೆದುಕೊಂಡು ಹೋಗಿ ಕೂರಿಸಿದೆ. ‘ಸೂಜಿ ಪರೀಕ್ಷೆಯಿಂದ ಹರಡಲ್ಲಮ್ಮ. ಏನು ಅಂತ ಮೊದಲೇ ಗೊತ್ತಾದರೆ ಬೇಕಾದಷ್ಟೇ ಆಪರೇಷನ್ ಮಾಡಬಹುದು, ಬೇಡವಾದರೆ ಚಾಕು ಹಾಕೋದೇ ಬೇಡ’ ಅಂದರು ಅವರು. ಇನ್ನೊಂದು ತಕರಾರು, ಆಷಾಢದಲ್ಲಿ ಇಂಥದ್ದೆಲ್ಲ ಬೇಡ ಅಂತ. ನಮ್ಮ ಕಸುಬಿನಲ್ಲಿ ಆಷಾಢವೇ ಬಿಡುವಿನ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ. ಶ್ರಾವಣ ಬಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸಿನ ರಾಶಿ ಬೀಳುತ್ತದೆ. ಆಗ ತಲೆ ಎತ್ತೋಕೂ ಆಗಲ್ಲ. ಈಗಲೇ ಆಗಲಿ ಅಂದೆ.

ಯಾವ ಬಯಾಪ್ಸಿ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಸಣ್ಣ ಸೂಜಿಯಿಂದ ಬರೀ ಜೀವಕೋಶ ಎಳೆಯುವುದು ಎಫ್‌ಎನ್‌ಎಸಿ. ನನಗೆ ಹೇಳಿದ್ದು ಕೋರ್ ಬಯಾಪ್ಸಿ, ಕೆಲವರು ಟ್ರೂಕಟ್ ಅನ್ನುತ್ತಾರೆ. ಅದರಲ್ಲಿ ತೆಳ್ಳಗೆ ಉದ್ದಕ್ಕೆ ತುಂಡೇ ಬರುತ್ತದೆ, ಪರೀಕ್ಷೆಗೆ ಜಾಸ್ತಿ ಮಾಹಿತಿ ಸಿಗುತ್ತದೆ. ಸೂಜಿ ಸಾಮಾನ್ಯವಾಗಿ 14 ನಂಬರಿನದು. ನಾನು ನಕ್ಕುಬಿಟ್ಟೆ, ನಮ್ಮ ಹೊಲಿಗೆ ಮೆಷಿನ್ನಿಗೂ 14 ನಂಬರ್ ಸೂಜಿ ಇದೆಯಲ್ವಾ ಅಂತ. ಆದರೆ ಲೆಕ್ಕ ಉಲ್ಟಾ. ನಮ್ಮಲ್ಲಿ ನಂಬರ್ ಏರಿದಷ್ಟೂ ಸೂಜಿ ದಪ್ಪ, ಅವರಲ್ಲಿ ಏರಿದಷ್ಟೂ ಸಣ್ಣ. ನಮ್ಮ 14 ಒಂದು ಮಿಲಿಮೀಟರಿಗೂ ಕಮ್ಮಿ, ಅವರದ್ದು ಎರಡು ಮಿಲಿಮೀಟರ್ ಹತ್ತಿರ. ನಗು ಅಲ್ಲಿಗೇ ನಿಂತಿತು.

ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇಂಥವು ಇದ್ದರೆ ಮೊದಲೇ ಹೇಳಬೇಕು. ನಿಲ್ಲಿಸಬೇಕಾ ಬೇಡವಾ ಅಂತ ಬಯಾಪ್ಸಿ ಮಾಡುವವರು ಮತ್ತು ಹಾರ್ಟ್ ಡಾಕ್ಟರ್ ಮಾತಾಡಿಕೊಂಡು ಹೇಳುತ್ತಾರೆ. ನೀವೇ ನಿಲ್ಲಿಸಬೇಡಿ. ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ನಾಟಿ ಔಷಧಿ ಇದ್ದರೂ ಬರೆಯಿರಿ. ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಅಥವಾ ಅಂಟು ಪಟ್ಟಿ ಮೈಗೆ ಆಗದಿದ್ದರೆ ಅದನ್ನೂ. ನನಗೆ ಇದ್ದದ್ದು ಬಿಪಿ ಮಾತ್ರೆ ಒಂದೇ, ಅದನ್ನು ಬೆಳಿಗ್ಗೆ ಎಂದಿನಂತೆ ನುಂಗಿ ಅಂದರು. ಉಪವಾಸ ಬೇಕಾಗಿಲ್ಲ, ಜಾಗಕ್ಕಷ್ಟೇ ಮರಗಟ್ಟಿಸುತ್ತಾರೆ. ಇಡ್ಲಿ ತಿಂದೇ ಹೋದೆ. ಪೂರ್ತಿ ಅರಿವಳಿಕೆ ಕೊಟ್ಟು ಗಂಟನ್ನೇ ತೆಗೆಯುವುದಾದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಇನ್ಶೂರೆನ್ಸ್ ಇದ್ದವರು ಹಿಂದಿನ ದಿನವೇ ಫೋನ್ ಮಾಡಿ ಕೇಳಿಬಿಡಿ. ಅಡ್ಮಿಟ್ ಆಗದೆ ಮಾಡಿಸುವ ಓಪಿಡಿ ಬಿಲ್ ಆದರೆ ಹಣ ಕೊಡದ ಪಾಲಿಸಿಗಳೇ ಜಾಸ್ತಿ.

ಈಗ ಬಟ್ಟೆ ವಿಷಯ. ಎದೆಯ ಒಳಗೆ ಮೂಳೆ ಇಲ್ಲ, ಮಾಂಸಖಂಡವೂ ಇಲ್ಲ. ಅದರ ಭಾರವೆಲ್ಲ ಚರ್ಮ ಮತ್ತು ಒಳಗಿನ ತೆಳು ಪಟ್ಟಿಗಳ ಮೇಲೆ. ಒಳಗೆ ಗಾಯ ಆಗಿರುವಾಗ ಅದು ಜೋತಾಡಿದರೆ ಪ್ರತಿ ಹೆಜ್ಜೆಗೂ ಗಾಯ ಎಳೆಯುತ್ತದೆ, ಸಣ್ಣ ರಕ್ತನಾಳ ಮತ್ತೆ ಸೋರಬಹುದು. ಅದಕ್ಕೇ ಮೊದಲ ಎರಡು ಮೂರು ದಿನ, ರಾತ್ರಿಯೂ ಸೇರಿ, ಬಿಗಿಯಾದ ಬ್ರಾ ಹಾಕಿಕೊಳ್ಳಿ ಅನ್ನುತ್ತಾರೆ. ತಂತಿ ಇರುವುದು ಬೇಡ. ತಲೆ ಮೇಲಿಂದ ಹಾಕುವ ಸ್ಪೋರ್ಟ್ಸ್ ಬ್ರಾ ಒಳ್ಳೆಯದೇ, ಆದರೆ ಆ ದಿನ ಕೈ ಎತ್ತೋದೇ ಕಷ್ಟ.

ನಾನು ನನ್ನದೇ ಬಾಡಿ ಹೊಲಿದುಕೊಂಡೆ. ಬ್ಲೌಸಿಗೆ ಬಳಸುವ ಟೂ ಬೈ ಟೂ ಹತ್ತಿ ಬಟ್ಟೆ, ಒಗೆದು ಹಿಂಡಿ ಕುಗ್ಗಿಸಿದ್ದು. ಹುಕ್ಕು ಮುಂದೆ. ಕಾಜಾ ಎದುರಿಗೆ ಎರಡು ಸಾಲು, ಯಾಕೆಂದರೆ ಮೊದಲ ದಿನ ದಪ್ಪ ಹತ್ತಿಯ ಡ್ರೆಸಿಂಗ್ ಇರುತ್ತದೆ, ಆಮೇಲೆ ಅದು ತೆಳ್ಳಗಾಗುತ್ತದೆ. ಕಟೋರಿ ಕಟ್, ಪ್ರಿನ್ಸೆಸ್ ಕಟ್ ಎರಡೂ ಬೇಡ ಅಂದುಕೊಂಡೆ, ಆ ಜೋಡಣೆ ಹೊಲಿಗೆ ಸೀದಾ ಗಾಯದ ಮೇಲೇ ಉಜ್ಜುತ್ತದೆ. ಸಾದಾ ಡಾಟ್ ಹಾಕಿ, ಹೊಲಿಗೆ ಅಂಚನ್ನು ಹೊರಗೆ ತಿರುಗಿಸಿದೆ. ನೋಡೋಕೆ ಚೆನ್ನಾಗಿರಲಿಲ್ಲ, ಗಿರಾಕಿ ಆಗಿದ್ದರೆ ವಾಪಸ್ ಕೊಡುತ್ತಿದ್ದರು. ಭುಜದ ಪಟ್ಟಿ ಎರಡು ಇಂಚು ಅಗಲ. ಕೆಳಗೆ ಅಗಲದ ಎಲಾಸ್ಟಿಕ್. ಹೊಲಿಯಲು ಬಾರದವರು ಅಂಗಡಿಯಲ್ಲಿ ಹಾಲುಣಿಸುವವರ ಬ್ರಾ ಕೇಳಬಹುದು, ಹತ್ತಿಯದು, ಅಗಲ ಪಟ್ಟಿಯದು, ಮೆತ್ತಗೆ ಜೋಲುವಂಥದ್ದಲ್ಲ. ಬಣ್ಣ ಕಡುವಾಗಿರಲಿ. ಬೆಟಾಡಿನ್ ಕಲೆ ತಿಳಿ ಬಣ್ಣದ ಮೇಲೆ ಎದ್ದು ಕಾಣುತ್ತದೆ.

ಮೇಲೆ ಮುಂದೆ ಗುಂಡಿ ಇರುವ ಕುರ್ತಾ ಹಾಕಿದ್ದೆ. ಸೀರೆಯಾಗಲಿ, ಎರಡು ಭಾಗದ ಡ್ರೆಸ್ಸಾಗಲಿ ಸರಿ, ಸೊಂಟದಿಂದ ಮೇಲೆ ಮಾತ್ರ ಬಿಚ್ಚಿದರೆ ಸಾಕು. ಪೌಡರ್, ಸೆಂಟ್, ಡಿಯೋಡರೆಂಟ್ ಏನೂ ಹಾಕಲಿಲ್ಲ. ಸರ, ತಾಳಿ ಎಲ್ಲ ನಾದಿನಿ ಕೈಗೆ. ಜೊತೆಗೆ ಒಬ್ಬರು ಸಾಕು. ಅಲ್ಲಿ ಒಬ್ಬ ಹೆಂಗಸಿನ ಜೊತೆ ಬಂದಿದ್ದ ಸಂಸಾರವೆಲ್ಲ ಸೇರಿ ಅವರನ್ನು ಇನ್ನಷ್ಟು ಗಾಬರಿ ಮಾಡಿಬಿಟ್ಟಿತ್ತು.

ಒಳಗೆ ಅಂಗಾತ ಮಲಗಿಸಿ, ಬೆನ್ನಿನ ಎಡಕ್ಕೆ ದಿಂಬು ಇಟ್ಟು, ಎಡಗೈಯನ್ನು ತಲೆ ಮೇಲೆ ಇಡಲು ಹೇಳಿದರು. ಅಲ್ಟ್ರಾಸೌಂಡ್ ನೋಡುತ್ತಲೇ ಮಾಡುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೆಲವು ಸೆಕೆಂಡ್ ಚುರುಚುರು ಉರಿಯಿತು. ನೋವು ಅಂದರೆ ಅದೇ. ಆಮೇಲೆ ಚರ್ಮದಲ್ಲಿ ಸಣ್ಣ ಸೀಳು, ಅದು ಗೊತ್ತಾಗಲೇ ಇಲ್ಲ. ಡಾಕ್ಟರು ಸೂಜಿಯ ಗನ್ ಅನ್ನು ಗಾಳಿಯಲ್ಲಿ ಒಮ್ಮೆ ಹೊಡೆದು ‘ಟಕ್’ ಅನ್ನುವ ಶಬ್ದ ಕೇಳಿಸಿದರು. ‘ಈ ಶಬ್ದಕ್ಕೆ ಬೆಚ್ಚಬೇಡಿಮ್ಮ, ಅಲುಗಾಡಬಾರದು’ ಅಂದರು. ಇದನ್ನು ಮಾಡದಿದ್ದರೆ ನಾನು ಖಂಡಿತ ಬೆಚ್ಚುತ್ತಿದ್ದೆ. ನಿಮ್ಮ ಡಾಕ್ಟರು ಹಾಗೆ ಮಾಡದಿದ್ದರೆ, ಶಬ್ದ ಒಮ್ಮೆ ಕೇಳಿಸಿ ಅಂತ ನೀವೇ ಹೇಳಿ.

ತೆಗೆದ ತುಂಡುಗಳನ್ನು ಫಾರ್ಮಲಿನ್ ಬಾಟಲಿಗೆ ಹಾಕಿದರು. ಕತ್ತರಿಸಿದ ಬಿಳಿ ದಾರದ ತುಣುಕುಗಳ ಹಾಗೆ ತಳದಲ್ಲಿ ಬಿದ್ದಿದ್ದವು. ಬಾಟಲಿ ಮೇಲೆ ನನ್ನ ಹೆಸರು, ವಯಸ್ಸು ಇತ್ತು, ಯಾವ ಕಡೆಯದು ಅಂತ ಇರಲಿಲ್ಲ. ‘ಸಿಸ್ಟರ್, ಎಡ ಅಂತ ಬರೆದಿಲ್ಲ’ ಅಂದೆ. ತಕ್ಷಣ ಬರೆದರು. ಕೆಲವು ಸಣ್ಣ ಸೆಂಟರ್‌ಗಳಲ್ಲಿ ಬಾಟಲಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಮುಟ್ಟಿಸಿ ಅನ್ನುತ್ತಾರೆ. ಹಾಗೆ ಕೊಟ್ಟರೆ ಅದೇ ದಿನ ಮುಟ್ಟಿಸಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಹತ್ತು ನಿಮಿಷ ಗಟ್ಟಿಯಾಗಿ ಅದುಮಿ ಹಿಡಿದರು. ಅದು ಮುಖ್ಯ, ಅವಸರ ಮಾಡಬಾರದು. ಬಾಡಿ ಹಾಕಿಕೊಂಡು ಆಟೋ ಹತ್ತಿದೆವು. ನಾದಿನಿ ಡ್ರೈವರಿಗೆ ಹೇಳಿದಳು, ‘ಅಣ್ಣಾ, ಹಂಪ್ ಬಂದರೆ ನಿಧಾನಕ್ಕೆ.’ ಬೆಂಗಳೂರಿನ ರಸ್ತೆಯಲ್ಲಿ ಹಂಪ್ ಒಂದು, ಗುಂಡಿ ಹತ್ತು. ಅಂಗೈಯಿಂದ ಎದೆಗೆ ಆಧಾರ ಕೊಟ್ಟು ಕೂತೆ. ಸ್ಕೂಟರ್ ಬೇಡವೇ ಬೇಡ, ಓಡಿಸೋದೂ ಹಿಂದೆ ಕೂರೋದೂ.

ಮನೆಯಲ್ಲಿ ತಣ್ಣನೆ ಕಾವು. ಚಳಿಗಾಲದಲ್ಲಿ ಹಿದುಕಿಟ್ಟಿದ್ದ ಅವರೆಕಾಳಿನ ಪ್ಯಾಕೆಟ್ ಫ್ರೀಜರಿನಲ್ಲಿತ್ತು. ಟವೆಲಿನಲ್ಲಿ ಸುತ್ತಿ ಬಾಡಿಯ ಮೇಲಿಂದಲೇ ಕಾಲು ಗಂಟೆ ಇಟ್ಟುಕೊಳ್ಳುವುದು, ತೆಗೆಯುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಕಾಳು ಮೈಗೆ ತಕ್ಕಂತೆ ಕೂರುತ್ತದೆ, ಐಸ್ ಗಡ್ಡೆ ಕೂರುವುದಿಲ್ಲ. ‘ಇದನ್ನ ಆಮೇಲೆ ಸಾರಿಗೆ ಹಾಕ್ತೀಯೇನೇ?’ ಅಂದರು ಅತ್ತೆ. ಹಾಕಲಿಲ್ಲ. ಅವರು ಅರಿಶಿನ ಅರೆದು ತಂದಾಗಲೂ ಬೇಡ ಅಂದೆ. ಡ್ರೆಸಿಂಗ್ ಒಳಗೆ ಏನೂ ಹಚ್ಚಬಾರದು.

ಮರಗಟ್ಟಿದ್ದು ಬಿಟ್ಟ ಮೇಲೆ ಸಂಜೆ ಮಂದ ನೋವು ಶುರುವಾಯಿತು. ಕೊರೊನಾ ಕಾಲದಿಂದ ಮನೆಮಾತಾದ ಡೋಲೋ 650 ಬರೆದುಕೊಟ್ಟಿದ್ದರು, ಸಾಕಾಯಿತು. ಅದು ನಮ್ಮ ಬೆಂಗಳೂರಿನ ಕಂಪನಿಯ ಮಾತ್ರೆ ಅಂತ ಯಜಮಾನರು ಪ್ರತಿ ಸಲ ಹೇಳುತ್ತಾರೆ. ಡಾಕ್ಟರನ್ನು ಕೇಳದೆ ಕಾಂಬಿಫ್ಲಾಮ್, ಬ್ರೂಫೆನ್, ಡಿಸ್ಪ್ರಿನ್ ಬೇಡ, ರಕ್ತ ಸೋರುವುದು ಹೆಚ್ಚಬಹುದು. ಡ್ರೆಸಿಂಗ್ ತೆಗೆಯುವವರೆಗೆ ಸೊಂಟದಿಂದ ಕೆಳಗೆ ಮಾತ್ರ ಸ್ನಾನ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡೆ.

ಕೆಲಸದಲ್ಲಿ ಯಾವುದು ಎದೆಗೆ ಎಳೆತ ಕೊಡುತ್ತದೆ ಅಂತ ಮಾಡಿ ನೋಡುವವರೆಗೆ ತಿಳಿಯುವುದಿಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎತ್ತಬಾರದು, ಅದು ಸರಿ. ಆದರೆ ಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸುವುದು, ಚಪಾತಿ ಲಟ್ಟಿಸುವುದು ಎಲ್ಲವೂ ಎಳೆಯುತ್ತವೆ. ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಹುಡುಗಿಗೆ ಬಿಟ್ಟೆ. ಕುಳಿತು ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ಮಾತ್ರ ನಾನು.

ಬಣ್ಣ ನೋಡಿ ಹೆದರಬೇಡಿ. ಮೊದಲು ನೇರಳೆ, ಆಮೇಲೆ ಹಸಿರು, ಕೊನೆಗೆ ಹಳದಿ, ಅದೂ ಗಾಯದ ಜಾಗದಿಂದ ಕೆಳಕ್ಕೆ ಇಳಿಯುತ್ತಾ. ರಕ್ತ ಕೆಳಗೆ ಇಳಿಯುತ್ತದೆ, ಅಷ್ಟೇ. ಒಳಗೆ ಸಣ್ಣ ಗಟ್ಟಿ ಗಂಟು ಸಿಕ್ಕರೂ ಅದು ಹೆಪ್ಪುಗಟ್ಟಿದ ರಕ್ತ ಇರಬಹುದು, ವಾರಗಟ್ಟಲೆ ಹಿಡಿದು ಕರಗುತ್ತದೆ. ದಿನಾ ಒತ್ತಿ ನೋಡಬೇಡಿ. ಜ್ವರ ಬಂದರೆ, ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಊತ ಏರುತ್ತಲೇ ಹೋದರೆ, ಅದುಮಿ ಹಿಡಿದರೂ ರಕ್ತ ನಿಲ್ಲದಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

ರಿಪೋರ್ಟಿಗೆ ಕಾಯುವುದಕ್ಕೆ ಯಾವ ಉಪಾಯವೂ ನನಗೆ ಸಿಗಲಿಲ್ಲ. ಮೊಬೈಲಿಗೆ ಬಂದರೂ ನಾನು ತೆರೆಯಲಿಲ್ಲ, ಡಾಕ್ಟರ ಎದುರಿಗೇ ತೆರೆದದ್ದು. ಫೈಬ್ರೋಅಡಿನೋಮ, ಕ್ಯಾನ್ಸರ್ ಅಲ್ಲದ ಗಂಟು. ಸ್ಕ್ಯಾನಿನಲ್ಲಿ ಕಂಡದ್ದಕ್ಕೂ ಈ ರಿಪೋರ್ಟಿಗೂ ತಾಳೆ ಆಗುತ್ತಾ ಅಂತ ಕೇಳಿದೆ, ಆಗುತ್ತೆ ಅಂದರು. ಇದನ್ನು ಕೇಳಲೇಬೇಕು. ತಾಳೆ ಆಗದಿದ್ದರೆ ಇನ್ನೊಮ್ಮೆ ತುಂಡು ತೆಗೆಯಬೇಕಾಗುತ್ತದೆ. ರಿಪೋರ್ಟ್ ಬೇರೆ ಥರ ಬಂದವರು ಲ್ಯಾಬಿನಿಂದ ಸ್ಲೈಡ್ ಮತ್ತು ನಿಮ್ಮ ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲಿ, ಬೇರೆ ಕಡೆ ಹೋಗಲಿ, ಎರಡನೇ ಅಭಿಪ್ರಾಯಕ್ಕೆ ಅವು ಬೇಕಾಗುತ್ತವೆ.

ನನಗೆ ಆರು ತಿಂಗಳಿಗೆ ಮತ್ತೆ ಅಲ್ಟ್ರಾಸೌಂಡ್ ಹೇಳಿದ್ದಾರೆ. ಸಂಕ್ರಾಂತಿಗೆ ಮುಂಚೆ ಡೇಟ್ ತೆಗೆದುಕೊಂಡಿದ್ದೇನೆ, ಹಳೆಯ ಫಿಲ್ಮ್, ಸಿಡಿ ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.