ಶೆಡ್ಡಿನಲ್ಲಿ ನಿಂತ ಕಾರು, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್: ಕೀ ತಿರುಗಿಸುವ ಮುಂಚೆ

ಬದಿಯಡ್ಕದ ಹತ್ತಿರದ ನಮ್ಮ ಸೋದರಮಾವನ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳದ ಪಕ್ಕ ಒಂದು ಶೆಡ್ಡಿದೆ. ಅದರಲ್ಲಿ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಇರುವ ಹಳೆಯ ಮಾರುತಿ 800 ಏಳು ವರ್ಷದಿಂದ ನಿಂತಿತ್ತು. ಗಲ್ಫಿನಿಂದ ರಜೆಗೆ ಬಂದ ಮಾವನ ಮಗ ಹೊಸ ಬ್ಯಾಟರಿ ತಂದು ಜೋಡಿಸಿದ, ಕೀ ತಿರುಗಿಸಿದ. ನಾಲ್ಕೈದು ಸಲ ಕೆಮ್ಮಿ ಇಂಜಿನ್ ಚಾಲೂ ಆಯಿತು. ಮಾವ ಅಂಗಳಕ್ಕೇ ಓಡಿ ಬಂದರು. ಎರಡು ನಿಮಿಷ ಆಗುವಷ್ಟರಲ್ಲಿ ನಿಂತುಹೋಯಿತು, ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ ಒಳಗೆಲ್ಲ ಹಲಸಿನ ಮೇಣದಂಥ ಕಂದು ಅಂಟು, ತುಕ್ಕಿನ ಪುಡಿ. ಏಳು ವರ್ಷ ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿದ್ದ ಕೊಳೆ ಆ ಎರಡೇ ನಿಮಿಷದಲ್ಲಿ ಇಂಜಿನ್ ತನಕ ಬಂದಿತ್ತು.

ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಇಂಥ ಮನೆಗಳು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟಿವೆ. ಟರ್ಪಾಲು ಹೊದ್ದು ನಿಂತ ಕಾರುಗಳೂ ಇವೆ. ಅವುಗಳಲ್ಲಿ ಒಂದನ್ನು ಎಬ್ಬಿಸಬೇಕು ಅಂತ ನಿಮಗಿದ್ದರೆ, ಕೀ ಕೊನೆಗೆ. ಮೊದಲು ಟ್ಯಾಂಕ್.

ಪೆಟ್ರೋಲ್ ಯಾಕೆ ಕೆಡುತ್ತದೆ?

ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ. ಬೇಗ ಆವಿಯಾಗುವ ಹಗುರ ಅಂಶಗಳೇ ತಣ್ಣಗಿನ ಇಂಜಿನನ್ನು ಸ್ಟಾರ್ಟ್ ಮಾಡಿಸುವುದು. ಕಾರು ನಿಂತಲ್ಲೇ ಇದ್ದರೆ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಅಂಟಾಗುತ್ತದೆ.

ಇನ್ನೊಂದು ಸಂಗತಿ ಎಥನಾಲ್, ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಈಗ ಕೇರಳ-ಕರ್ನಾಟಕ ಗಡಿಯ ತಲಪಾಡಿಯಿಂದ ಆಚೆ ಹಾಕಿಸಿದರೂ ಈಚೆ ಹಾಕಿಸಿದರೂ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ಎಥನಾಲಿಗೆ ನೀರೆಂದರೆ ಸೆಳೆತ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೇ ಬೂಸು ಹಿಡಿಯುತ್ತದೆ, ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ಒಣಗಿರುತ್ತದಾ? ಆ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಬ್ಬಿಣದ ಟ್ಯಾಂಕಿಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಎಥನಾಲ್ ಬೆರೆತ ಪೆಟ್ರೋಲನ್ನು ಟ್ಯಾಂಕಿನಲ್ಲಿ ಮೂರು ತಿಂಗಳು ನಂಬಬಹುದು, ಆರು ತಿಂಗಳ ಮೇಲೆ ನಂಬಬೇಡಿ.

ನೋಡುವುದು ಸುಲಭ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ನೆರಳಲ್ಲಿ ಇಡಿ. ಚಾಯದ ಬಣ್ಣಕ್ಕೆ ತಿರುಗಿದ್ದರೆ, ಹಳೆ ವಾರ್ನಿಷಿನ ಹಾಗೆ ಹುಳಿ ವಾಸನೆ ಬಂದರೆ, ತಳದಲ್ಲಿ ಬೇರೆ ಪದರ ಕಂಡರೆ ಅದು ಕೆಟ್ಟದ್ದೇ. ವರ್ಷಗಟ್ಟಲೆ ನಿಂತ ಕಾರಾದರೆ ಪರೀಕ್ಷೆಯೂ ಬೇಡ, ಪೂರ್ತಿ ತೆಗೆಯಿರಿ.

ತೆಗೆಯುವುದು ಹೇಗೆ?

ಕಾರನ್ನು ತಳ್ಳಿ ಶೆಡ್ಡಿನಿಂದ ಹೊರಗೆ ತನ್ನಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಬೀಡಿ, ಸಿಗರೇಟು ಬೇಡ ಅಂತ ಎಲ್ಲರಿಗೂ ಗೊತ್ತು. ಮರೆತುಹೋಗುವುದು ಬಚ್ಚಲುಮನೆಯ ಒಲೆ. ಹಂಡೆಯ ಅಡಿಯ ಕೆಂಡ ಇಡೀ ದಿನ ಆರಿರುವುದಿಲ್ಲ, ಅಲ್ವಾ? ಆ ದಿನ ಒಲೆ ಹಾಕುವುದೇ ಬೇಡ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಒಂದು ಬಕೆಟ್ ಒಣ ಹೊಯಿಗೆ (ಮರಳು) ಹತ್ತಿರ ಇಡಿ, ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಇದ್ದರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

ಪೈಪಿಗೆ ಬಾಯಿ ಇಟ್ಟು ಎಳೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂಥ ಉರಿಯೂತವಾಗಿ ಜೀವಕ್ಕೇ ಅಪಾಯ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಯಿಂದ ಒತ್ತುವ ಪಂಪು ಸಿಗುತ್ತದೆ, ಅದು ಸಾಕು. ಕೆಲವು ಹಳೆ ಕಾರುಗಳ ಟ್ಯಾಂಕಿನ ಅಡಿಯಲ್ಲಿ ಬಿಚ್ಚುವ ಬೋಲ್ಟ್ ಇರುತ್ತದೆ. ಇದ್ದರೆ ಅದೇ ಉತ್ತಮ, ತಳದ ನೀರು, ಕೆಸರು ಎಲ್ಲ ಬರುತ್ತದೆ. ಮುಚ್ಚಳವಿರುವ ಲೋಹದ ಕ್ಯಾನನ್ನು ನೆಲದ ಮೇಲೆ ಇಟ್ಟು ತುಂಬಿಸಿ. ಪ್ಲಾಸ್ಟಿಕ್ ಬಕೆಟ್ ಬೇಡ, ಸ್ಥಾಯಿ ವಿದ್ಯುತ್ತಿನ ಕಿಡಿ ಹಾರಬಹುದು.

ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಿಂದ ಚಿಮುಕಿಸುವ ಇಂಜೆಕ್ಟರ್ ಇರುವ ಹೊಸ ಮಾದರಿಯ ಕಾರಾದರೆ ಗ್ಯಾರೇಜಿನವರನ್ನೇ ಮನೆಗೆ ಕರೆಸಿ. ಅವುಗಳ ಪಂಪು ಟ್ಯಾಂಕಿನ ಒಳಗೇ ಇರುತ್ತದೆ, ಪೈಪಿನಲ್ಲಿ ಒತ್ತಡವೂ ಜಾಸ್ತಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್ ತನಕ ತಿರುಗಿಸಿದರೂ ಆ ಪಂಪು ಒಂದೆರಡು ಸೆಕೆಂಡ್ ಓಡಿ ಕೊಳೆಯನ್ನು ಮುಂದಕ್ಕೆ ತಳ್ಳುತ್ತದೆ. 'ಸುಮ್ನೆ ಲೈಟ್ ಬರುತ್ತಾ ನೋಡುವ' ಅನ್ನುವುದೂ ಬೇಡ.

ಕಾರ್ಬ್ಯುರೇಟರ್, ಪೈಪು, ಟ್ಯಾಂಕ್

ಕಾರ್ಬ್ಯುರೇಟರನ್ನು ಬಿಚ್ಚಿ ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆಯಬೇಕು. ಕಣ್ಣಿಗೆ ಕನ್ನಡಕ ಇರಲಿ. ಒಳಗೆ ಪೆಟ್ರೋಲ್ ಅಳತೆಯಲ್ಲಿ ಬಿಡುವ ಜೆಟ್ಟಿನ ಸಣ್ಣ ತೂತಿಗೆ ತಂತಿ ಹಾಕಬೇಡಿ. ಕೂದಲೆಳೆಯಷ್ಟು ಅಗಲವಾದರೂ ಇಂಜಿನ್ ಆಮೇಲೆ ಪೆಟ್ರೋಲ್ ಕುಡಿಯುತ್ತದೆ. ಗಾಳಿಯ ಒತ್ತಡ ಸಾಕು. ಫಿಲ್ಟರ್, ರಬ್ಬರ್ ಪೈಪುಗಳನ್ನು ನೋಡುತ್ತಾ ಕೂರಬೇಡಿ, ಬದಲಾಯಿಸಿ. ಹಳೆಯ ರಬ್ಬರ್ ಈಗಿನ ಎಥನಾಲಿಗೆ ಮಾಡಿದ್ದಲ್ಲ. ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡಿ, ತೋಟದ ಇಲಿಗಳಿಗೆ ಅದು ಹೆರಿಗೆಮನೆ.

ಇಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಮೂಸಿ. ಪೆಟ್ರೋಲ್ ವಾಸನೆ ಬಂದರೆ ಇಂಜಿನಿಗೆ ಪೆಟ್ರೋಲ್ ಎಳೆಯುವ ಹಳೆ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದಿರಬಹುದು. ಹೇಗಿದ್ದರೂ ಆಯಿಲ್ ಬದಲಾಯಿಸಲೇಬೇಕು.

ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ನೋಡಿ. ಕೆಂಪು ತುಕ್ಕು ಕಂಡರೆ ಟ್ಯಾಂಕ್ ಇಳಿಸಲೇಬೇಕಾಗುತ್ತದೆ. ಹಗುರ ತುಕ್ಕಾದರೆ ಸಿಟ್ರಿಕ್ ಆಮ್ಲ ಕರಗಿಸಿದ ನೀರು ತುಂಬಿಸಿ ಒಂದು ರಾತ್ರಿ ಇಟ್ಟು, ಆಮೇಲೆ ಅಡುಗೆ ಸೋಡದ ನೀರಿನಿಂದ ತೊಳೆದು, ಪೂರ್ತಿ ಒಣಗಿಸಬೇಕು. ತೂತಾಗಿದ್ದರೆ ವೆಲ್ಡಿಂಗಿಗೆ ಕೊಡಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ, ಅದು ಸಿಡಿಯುತ್ತದೆ. ಬೇರೆ ಟ್ಯಾಂಕ್ ಹುಡುಕಿ.

ತೆಗೆದ ಪೆಟ್ರೋಲ್ ಎಲ್ಲಿಗೆ?

ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ. ಹತ್ತು ಲೀಟರ್ ಹಳೆ ಪೆಟ್ರೋಲ್ ಕೈಯಲ್ಲಿದ್ದರೆ ಹೆಚ್ಚಿನವರು ತೋಟದ ಬದಿಗೆ ಹೋಗಿ ಚೆಲ್ಲುತ್ತಾರೆ. ಇರುವೆ ಗೂಡಿಗೆ ಸುರಿಯುತ್ತಾರೆ, ಕಳೆಗೆ ಹಾಕುತ್ತಾರೆ. ನಮ್ಮ ನೆಲ ಮುರಕಲ್ಲಿನದು. ತೂತು ತೂತು, ಬಿದ್ದ ನೀರನ್ನು ಕುಡಿದುಬಿಡುತ್ತದೆ. ಆ ಗುಣದಿಂದಲೇ ನಮ್ಮ ಹಿರಿಯರು ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗದಲ್ಲಿ ನೀರು ತಂದರು. ಇವತ್ತಿಗೂ ಎಷ್ಟೋ ಮನೆಗಳು ಆ ಸುರಂಗದ ನೀರನ್ನೇ ಕುಡಿಯುತ್ತವೆ. ಅಂಗಳದ ಮೇಲ್ಗಡೆ ಚೆಲ್ಲಿದ ಪೆಟ್ರೋಲ್ ಮಳೆ ಬಂದಾಗ ಅದೇ ದಾರಿ ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು. ನೆಲಕ್ಕೆ ಬಿದ್ದ ವಿಷದ ಬೆಲೆ ಏನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದ ಕೊನೆಗೆ ನಿಂತಿತು. ಅದರ ನೋವು ಇನ್ನೂ ಮನೆಗಳಲ್ಲಿದೆ.

ನಾಲ್ಕೈದು ತಿಂಗಳಷ್ಟೇ ಹಳೆಯದು, ನೀರಿಲ್ಲ, ಬಣ್ಣ ಬದಲಾಗಿಲ್ಲ ಅಂದರೆ ಒಂದು ಲೀಟರಿಗೆ ಹತ್ತು ಲೀಟರ್ ಹೊಸತು ಬೆರೆಸಿ ಓಡುತ್ತಿರುವ ಗಾಡಿಯಲ್ಲಿ ಮುಗಿಸಬಹುದು. ಹುಳಿ ವಾಸನೆಯದ್ದನ್ನು ಹುಲ್ಲು ಕತ್ತರಿಸುವ ಯಂತ್ರಕ್ಕೂ ಹಾಕಬೇಡಿ, ಅದರ ಕಾರ್ಬ್ಯುರೇಟರ್ ಇನ್ನೂ ಸಣ್ಣದು. ಒಲೆ ಹೊತ್ತಿಸಲಂತೂ ಬೇಡವೇ ಬೇಡ. ಹಳೆ ಆಯಿಲನ್ನು ಪರವಾನಗಿ ಇದ್ದವರಿಗೆ ಕೊಡುವ ದೊಡ್ಡ ಗ್ಯಾರೇಜಿನಲ್ಲಿ ಮೊದಲೇ ಕೇಳಿ, ಕೆಟ್ಟ ಪೆಟ್ರೋಲನ್ನು ಅಲ್ಲಿಗೆ ಒಪ್ಪಿಸಿ. ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯವರ ಚೀಲದಲ್ಲಿ ಪೆಟ್ರೋಲ್ ಬಾಟಲಿ ಸೇರಿಸಬೇಡಿ. ಅದನ್ನು ಕೈಯಲ್ಲಿ ಹಿಡಿದು ವಿಂಗಡಿಸುವವರು ನಮ್ಮ ನೆರೆಯ ಹೆಂಗಸರೇ.

ಈಗ ಕೀ

ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಡಿ. ಸ್ಪ್ಯಾನರ್ ಹಾಕಿ ಇಂಜಿನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾಗಿ ಸಿಕ್ಕಿಕೊಂಡರೆ ಒತ್ತಾಯ ಮಾಡಬೇಡಿ, ಮೆಕ್ಯಾನಿಕನ್ನು ಕರೆಯಿರಿ. ಹೊಸ ಪ್ಲಗ್, ಐದು ಲೀಟರ್ ಹೊಸ ಪೆಟ್ರೋಲ್ ಹಾಕಿ, ಆಮೇಲೆ ಬ್ಯಾಟರಿ ಜೋಡಿಸಿ, ಬಯಲಿನಲ್ಲೇ ಸ್ಟಾರ್ಟ್ ಮಾಡಿ. ಬಾನೆಟ್ಟಿನ ಹತ್ತಿರ ಒಬ್ಬರು ನಿಂತು ಪೈಪುಗಳಲ್ಲಿ ಎಲ್ಲಿಯಾದರೂ ಸೋರುತ್ತದಾ ನೋಡಲಿ. ಬ್ರೇಕ್, ಟಯರ್ ಸರಿಯಿದೆಯಾ, ರಿಜಿಸ್ಟ್ರೇಶನಿನ 15 ವರ್ಷ ಮುಗಿದಿದೆಯಾ, ಇನ್ಶೂರೆನ್ಸ್ ಇದೆಯಾ ಎಂದು ನೋಡದೆ ರಸ್ತೆಗೆ ಇಳಿಸಬೇಡಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಪೆಟ್ರೋಲ್ ಫಿಲ್ಟರನ್ನು ಇನ್ನೊಮ್ಮೆ ಬದಲಾಯಿಸಿ.

ಮತ್ತೆ ಊರು ಬಿಡುವಾಗ, ಎರಡು ಮೂರು ತಿಂಗಳ ಮಟ್ಟಿಗಾದರೆ ಟ್ಯಾಂಕ್ ತುಂಬಿಸಿಯೇ ಇಡಿ, ತೇವದ ಗಾಳಿಗೆ ಒಳಗೆ ಜಾಗ ಇರುವುದಿಲ್ಲ. ವರ್ಷದ ಮಾತಾದರೆ ಖಾಲಿ ಮಾಡಿ, ಕಾರ್ಬ್ಯುರೇಟರನ್ನೂ ಒಣಗಿಸಿ ಹೋಗಿ. ಕೊನೆಯ ಸಲ ಪೆಟ್ರೋಲ್ ಹಾಕಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಅಂಟಿಸಿ. ಮುಂದಿನ ಸಲ ಕೀ ಹಿಡಿದು ಕೂರುವವರಿಗೆ ಮೊದಲು ಕಾಣುವುದು ಅದೇ ಆಗಿರಲಿ.